ನೆಲ ನಮ್ಮದು, ಆಕಾಶದ ಬಾಗಿಲಿಗೆ ಮಾತ್ರ ಹಿಂದಿಯ ಬೀಗ!

ಅಜ್ಜಮಾಡ ಬೋಪಯ್ಯ ದೇವಯ್ಯ.

ಈ ಹೆಸರು ಕೇಳಿದ್ದೀರಾ ಬಂಧುಗಳೇ? ಹುಣಸೂರಿನ ಬಸ್ ನಿಲ್ದಾಣದಲ್ಲಿ ನಿಂತು ಹತ್ತು ಹುಡುಗರನ್ನು ಕೇಳಿ ನೋಡಿ. ಪಿರಿಯಾಪಟ್ಟಣದ ಕಾಲೇಜಿನ ಗೇಟಿನ ಮುಂದೆ ಕೇಳಿ. ಕೆ.ಆರ್. ನಗರದ ಗರಡಿ ಹುಡುಗರನ್ನು ಕೇಳಿ, ಎಚ್.ಡಿ. ಕೋಟೆಯ ಹಾಸ್ಟೆಲ್ ಹುಡುಗರನ್ನು ಕೇಳಿ. ಮುಂಬಯಿಯ ಸಿನಿಮಾ ನಟರ ಹೆಸರು ಒಂದೇ ಉಸಿರಿಗೆ ಹೇಳುತ್ತಾರೆ. ಪಕ್ಕದ ಜಿಲ್ಲೆಯ ಈ ವೀರನ ಹೆಸರು ಹೇಳುವವರು ಎಷ್ಟು ಮಂದಿ ಸಿಕ್ಕುತ್ತಾರೆ? ಮಡಿಕೇರಿ ಬಸ್ಸು ದಿನವೂ ನಮ್ಮ ಊರುಗಳ ನಡುವೆಯೇ ಹಾದು ಹೋಗುತ್ತದೆ. ಆ ಬಸ್ಸು ಹೋಗಿ ನಿಲ್ಲುವ ಊರಿನಲ್ಲಿ ಅವರ ಪ್ರತಿಮೆ ನಿಂತಿದೆ. ನಾವು ಮಾತ್ರ ಕಿಟಕಿಯಾಚೆ ನೋಡದೆ ನಿದ್ದೆ ಹೊಡೆಯುತ್ತಿದ್ದೇವೆ!

ಮೊದಲು ಅವರ ಕತೆ ಕೇಳಿ. ಆಮೇಲೆ ನಮ್ಮ ಮಕ್ಕಳ ಕತೆಗೆ ಬರೋಣ. ಎರಡೂ ಒಂದೇ ಕತೆ.

ಹದಿಮೂರನೆಯ ವಿಮಾನ

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ಮನೆಮಾತು ಕೊಡವ ತಕ್ಕ್. 1954ರಲ್ಲಿ ವಾಯುಪಡೆಯ ಅಧಿಕಾರಿಯಾದರು. ಹೊಸ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಗುರುವೂ ಆದರು. 1965ರ ಯುದ್ಧ ಬಂದಾಗ ಅವರು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ನಲ್ಲಿ ಸ್ಕ್ವಾಡ್ರನ್ ಲೀಡರ್. ಹಾರಿಸುತ್ತಿದ್ದದ್ದು ಫ್ರಾನ್ಸ್ ದೇಶದ ಮಿಸ್ಟೇರ್ ಎಂಬ ಯುದ್ಧವಿಮಾನ.

1965ರ ಸೆಪ್ಟೆಂಬರ್ 7. ಕತ್ತಲು ಹರಿಯುವ ಮುನ್ನವೇ ಹನ್ನೆರಡು ಮಿಸ್ಟೇರ್‌ಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ಎರಗಬೇಕೆಂದು ಆಜ್ಞೆಯಾಯಿತು. ನಾಯಕತ್ವ ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರದ್ದು. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಯಾರದಾದರೂ ವಿಮಾನ ಕೈಕೊಟ್ಟರೆ ಇರಲಿ ಎಂದು ಕಾದಿರಿಸಿದವರಲ್ಲಿ ಒಬ್ಬರು. ಆದರೂ ಹಾರಿದರು, ತಂಡವನ್ನು ಸೇರಿಕೊಂಡರು.

ದಾಳಿಯ ಹೊತ್ತಿನಲ್ಲಿ ಅವರಿಗೆ ಎದುರಾದದ್ದು ಅಮೆರಿಕ ಕೊಟ್ಟಿದ್ದ ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡರಷ್ಟು ವೇಗದ ವಿಮಾನ ಅದು! ದೇವಯ್ಯನವರ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ ಹಳೆಯ ಯಂತ್ರ. ಸ್ಟಾರ್‌ಫೈಟರ್ ಹೊಡೆದ ಏಟಿಗೆ ಮಿಸ್ಟೇರ್ ಗಾಯಗೊಂಡಿತು. ಬೇರೆಯವರಾಗಿದ್ದರೆ ಪ್ಯಾರಾಚೂಟ್ ನೆನೆಯುತ್ತಿದ್ದರೇನೋ. ದೇವಯ್ಯ ಗಾಯಗೊಂಡ ವಿಮಾನವನ್ನೇ ತಿರುಗಿಸಿ ಕಾದಾಡಿದರು. ತಮ್ಮ ಫಿರಂಗಿಯಿಂದ ಆ ಸ್ಟಾರ್‌ಫೈಟರನ್ನು ಹೊಡೆದು ಬೀಳಿಸಿದರು. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹೊರಕ್ಕೆ ಹಾರಿ ಬದುಕಿಕೊಂಡರು. ನಮ್ಮ ದೇವಯ್ಯ ಮರಳಿ ಬರಲಿಲ್ಲ. ಆಗ ಅವರಿಗೆ ಇನ್ನೂ 33 ತುಂಬಿರಲಿಲ್ಲ.

ಆದಂಪುರಕ್ಕೆ ವಾಪಸಾದವರಲ್ಲಿ ಯಾರೂ ಈ ಕಾಳಗವನ್ನು ಕಂಡಿರಲಿಲ್ಲ. ಕಡತದಲ್ಲಿ ಬಿದ್ದದ್ದು ಒಂದೇ ಮಾತು: ನಾಪತ್ತೆ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಹದಿನಾಲ್ಕು ವರ್ಷ ಆ ವೀರನ ಪರಾಕ್ರಮ ಪರದೇಶದ ಮಣ್ಣಿನಲ್ಲಿ ಹೂತು ಬಿದ್ದಿತ್ತು. ಕೊನೆಗೆ ಸತ್ಯ ಹೊರಬಿದ್ದದ್ದು ಯಾರಿಂದ ಗೊತ್ತೆ? ದೆಹಲಿಯಿಂದಲ್ಲ, ಬೆಂಗಳೂರಿನಿಂದಲೂ ಅಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಬರಹಗಾರ ಆ ಯುದ್ಧದ ಬಗ್ಗೆ ಪಾಕಿಸ್ತಾನದ ಕಡೆಯ ದಾಖಲೆಗಳನ್ನಿಟ್ಟುಕೊಂಡು ಪುಸ್ತಕ ಬರೆದ. ತಮ್ಮ ಸ್ಟಾರ್‌ಫೈಟರನ್ನು ಉರುಳಿಸಿದ್ದು ಒಂದು ಮಿಸ್ಟೇರ್ ಎಂಬುದು ಅದರಲ್ಲಿತ್ತು. ಮರಳಿ ಬಾರದ ಮಿಸ್ಟೇರ್ ಯಾವುದೆಂದು ಹುಡುಕಿದಾಗ ಸಿಕ್ಕ ಹೆಸರು ದೇವಯ್ಯ. ಆಮೇಲೆಯೂ ಕಡತ ಆಮೆಯಂತೆ ತೆವಳಿ, 1988ರಲ್ಲಿ ಮಹಾವೀರ ಚಕ್ರ ಬಂತು. ಸತ್ತ 23 ವರ್ಷಕ್ಕೆ! ಅದನ್ನು ಪಡೆಯಲು ಕೈಯೊಡ್ಡಿದ್ದು ಅವರ ಪತ್ನಿ.

ಆ 23 ವರ್ಷ ಕರ್ನಾಟಕದಿಂದ ದೆಹಲಿಗೆ ಆರಿಸಿ ಹೋದ ಮಹಾನುಭಾವರು ಏನು ಮಾಡುತ್ತಿದ್ದರು? ಹಗೆಯ ನಾಡಿನ ದಾಖಲೆ ನಮ್ಮವನ ಶೌರ್ಯಕ್ಕೆ ಸಾಕ್ಷಿ ಹೇಳುವವರೆಗೆ ನಮ್ಮವರಿಗೆ ಬಾಯಿ ಇರಲಿಲ್ಲವೇ?

ಇಷ್ಟಕ್ಕೇ ಮುಗಿಯಲಿಲ್ಲ. 2025ರ ಜನವರಿಯಲ್ಲಿ ಇದೇ ಕತೆಯನ್ನು ಎತ್ತಿಕೊಂಡು ಮುಂಬಯಿಯವರು 'ಸ್ಕೈ ಫೋರ್ಸ್' ಎಂಬ ಹಿಂದಿ ಸಿನಿಮಾ ಮಾಡಿದರು. ಪಾತ್ರಕ್ಕೆ ಇಟ್ಟದ್ದು ಬೇರೆ ಹೆಸರು. ಅಜ್ಜಮಾಡ ಎಂಬ ಮನೆತನದ ಹೆಸರು ಆ ಪಾತ್ರಕ್ಕಿಲ್ಲ. ಬದುಕು ಕೊಟ್ಟವನು ನಮ್ಮವನು, ಮಾತು ಹಿಂದಿಯದು, ಗಲ್ಲಾಪೆಟ್ಟಿಗೆ ಮುಂಬಯಿಯದು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!

ದೀಪದ ಬುಡದಲ್ಲೇ ಕತ್ತಲು

'ಕೊಡಗಿನ ಕತೆ ನಮಗೇಕೆ' ಎನ್ನುವವರಿಗೆ ಒಂದು ಮಾತು. ಕೊಡಗೂ ನಮ್ಮ ಹುಣಸೂರು, ಪಿರಿಯಾಪಟ್ಟಣವೂ ಒಂದೇ ಲೋಕಸಭಾ ಕ್ಷೇತ್ರ. ಪಿರಿಯಾಪಟ್ಟಣ ದಾಟಿ ಕಾವೇರಿ ಸೇತುವೆ ಇಳಿದರೆ ಕುಶಾಲನಗರ. ಕೊಡಗಿನ ಮನೆಗಳಲ್ಲಿ ಮಗ ಹುಟ್ಟಿದರೆ ಸೇನೆಯ ಮಾತು ಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ ಕೂಡ ಅದೇ 1965ರ ಯುದ್ಧದಲ್ಲಿ ಹಂಟರ್ ವಿಮಾನ ಹಾರಿಸಿ, ಹೊಡೆತ ತಿಂದು ಪಾಕಿಸ್ತಾನದಲ್ಲಿ ಯುದ್ಧಕೈದಿಯಾಗಿ, ಮರಳಿ ಬಂದು ಏರ್ ಮಾರ್ಷಲ್ ಹುದ್ದೆಯವರೆಗೆ ಏರಿದರು. ಸೇತುವೆಯ ಆಚೆ ಅದು ಮಾಮೂಲು ಮಾತು. ಈಚೆಗೆ ಬಂದರೆ ಹೊಗೆಸೊಪ್ಪಿನ ಬ್ಯಾರನ್, ಹರಾಜು ಕಟ್ಟೆ, ಸಾಲದ ಪುಸ್ತಕ. ನಮ್ಮ ಹುಡುಗ ಓದಿದರೆ ಮೇಷ್ಟ್ರು, ಇಲ್ಲದಿದ್ದರೆ ಬೆಂಗಳೂರಿನಲ್ಲಿ ಸೆಕ್ಯುರಿಟಿ ಗಾರ್ಡ್. ಯುದ್ಧವಿಮಾನ ಎಂದರೆ ತಲೆಯೆತ್ತಿ ನೋಡಿ ಕೈಬೀಸುವ ವಸ್ತು, ಅಷ್ಟೇ.

ನಮ್ಮ ಹುಡುಗರಲ್ಲಿ ಗುಂಡಿಗೆಯಿಲ್ಲವೇ? ಕಬಿನಿ ಹಿನ್ನೀರಿನ ಕಾಡಂಚಿನಲ್ಲಿ ಆನೆ ಓಡಿಸಿ ಬೆಳೆ ಕಾಯುವ ಹುಡುಗನಿಗೆ ಗುಂಡಿಗೆ ಇಲ್ಲವೆಂದು ಯಾರು ಹೇಳಿಯಾರು? ಇರುವ ಕೊರತೆ ಬೇರೆ. ಅದನ್ನು ಬಿಡಿಸಿ ಹೇಳುತ್ತೇವೆ, ಕೇಳಿ.

ಯುದ್ಧವಿಮಾನದ ಪೈಲಟ್ ಆಗುವ ದಾರಿ ಎಲ್ಲೆಲ್ಲಿ ಹಾಯುತ್ತದೆ? ಅಭ್ಯರ್ಥಿಗಳನ್ನು ಐದು ದಿನ ಇಟ್ಟುಕೊಂಡು ಒರೆಗೆ ಹಚ್ಚುವ ವಾಯುಪಡೆಯ ಆಯ್ಕೆ ಮಂಡಳಿಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ಎಲ್ಲಿದೆ? ನಮ್ಮ ಮೈಸೂರಿನಲ್ಲಿ! ಹುಣಸೂರಿನಿಂದ ಸುಮಾರು 45 ಕಿಲೋಮೀಟರ್. ಪೈಲಟ್‌ಗಳ ದೇಹಪರೀಕ್ಷೆ ಮಾಡುವ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಎಲ್ಲಿದೆ? ಬೆಂಗಳೂರಿನಲ್ಲಿ. ವಾಯುಪಡೆಯ ತರಬೇತಿ ಕಮಾಂಡ್‌ನ ಕೇಂದ್ರ ಕಚೇರಿ? ಬೆಂಗಳೂರಿನಲ್ಲಿ. ಹೊಸ ಪೈಲಟ್ ಹಾಕ್ ಜೆಟ್ ವಿಮಾನದಲ್ಲಿ ಯುದ್ಧದ ಪಾಠ ಕಲಿಯುವುದು? ಬೀದರ್‌ನಲ್ಲಿ. ಆ ಹಾಕ್, ಆ ತೇಜಸ್ ಸಿದ್ಧವಾಗುವುದು? ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ಆ ಕಾರ್ಖಾನೆ 1940ರಲ್ಲಿ ಹುಟ್ಟಿದಾಗ ಭೂಮಿ ಕೊಟ್ಟು ಬಂಡವಾಳ ಹೂಡಿದ್ದು ನಮ್ಮ ಮೈಸೂರು ಸಂಸ್ಥಾನ. ಅಂದರೆ ನಮ್ಮ ಅಜ್ಜಂದಿರು ಕಟ್ಟಿದ ಕಂದಾಯ!

ನೆಲ ನಮ್ಮದು, ನೀರು ನಮ್ಮದು, ಕಾರ್ಖಾನೆ ನಮ್ಮಲ್ಲಿ, ಪರೀಕ್ಷಿಸುವವರು ನಮ್ಮ ಊರಿನಲ್ಲೇ ಕೂತಿದ್ದಾರೆ. ಎಲ್ಲವೂ ಇದೆ, ಕನ್ನಡ ಒಂದಿಲ್ಲ.

900 ಅಂಕದ ಮೋಸದ ಲೆಕ್ಕ

ಪಿಯುಸಿ ಮುಗಿಸಿದ ಹುಡುಗ ಹುಡುಗಿಯರಿಗೆ ವಾಯುಪಡೆಯ ದೊಡ್ಡ ಬಾಗಿಲು ಎನ್‌ಡಿಎ. ಇದಕ್ಕೆ ಲಿಖಿತ ಪರೀಕ್ಷೆ ನಡೆಸುವುದು ಯುಪಿಎಸ್‌ಸಿ. ಒಟ್ಟು 900 ಅಂಕ. ಗಣಿತಕ್ಕೆ 300, ಇಂಗ್ಲಿಷ್‌ಗೆ 200, ಇತಿಹಾಸ-ಭೂಗೋಳ-ವಿಜ್ಞಾನ ಎಲ್ಲ ಸೇರಿದ ಸಾಮಾನ್ಯ ಜ್ಞಾನಕ್ಕೆ 400. ಗಣಿತ ಮತ್ತು ಸಾಮಾನ್ಯ ಜ್ಞಾನದ ಪ್ರಶ್ನೆಗಳು ಎರಡು ಭಾಷೆಗಳಲ್ಲಿ ಅಚ್ಚಾಗುತ್ತವೆ. ಯಾವ ಎರಡು? ಇಂಗ್ಲಿಷ್ ಮತ್ತು ಹಿಂದಿ.

ಕೂಡಿಸಿ ನೋಡಿ. 900ರಲ್ಲಿ 700 ಅಂಕದ ಪ್ರಶ್ನೆಗಳನ್ನು ಹಿಂದಿ ಸೀಮೆಯ ಹುಡುಗ ಅವನ ತಾಯಿನುಡಿಯಲ್ಲೇ ಓದುತ್ತಾನೆ. ನಮ್ಮ ರತ್ನಾಪುರಿಯ ರೈತನ ಮಗ? ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಗಣಿತ ಕಲಿತವನು, ಗಡಿಯಾರ ಓಡುತ್ತಿರುವಾಗ ಪ್ರಶ್ನೆಯನ್ನು ಇಂಗ್ಲಿಷ್‌ನಿಂದ ಕನ್ನಡಕ್ಕೆ ತಿರುಗಿಸಿಕೊಂಡು, ಆಮೇಲೆ ಲೆಕ್ಕ ಮಾಡಬೇಕು. ತಪ್ಪಾದರೆ ಅಂಕ ಕಡಿತ ಬೇರೆ. ಇತ್ತೀಚಿನ ಅಧಿಸೂಚನೆಗಳಲ್ಲಿ ಎನ್‌ಡಿಎಯ ಒಂದು ಸರದಿಗೆ ವಾಯುಪಡೆಯ ಹಾರಾಟ ವಿಭಾಗಕ್ಕೆ ಇರುವುದು 92 ಸ್ಥಾನ, ಇಡೀ ದೇಶಕ್ಕೆ! ಅಲ್ಲಿ ಒಂದೊಂದು ಅಂಕವೂ ಒಬ್ಬೊಬ್ಬನ ಹಣೆಬರಹ. ಒಬ್ಬನ ಕಾಲಿಗೆ ಬೂಟು, ಇನ್ನೊಬ್ಬನ ಕಾಲಿಗೆ ಸರಪಳಿ. ಓಟದ ಗೆರೆ ಮಾತ್ರ ಇಬ್ಬರಿಗೂ ಒಂದೇ. ಇದಕ್ಕೆ ಸಮಾನತೆ ಎನ್ನುತ್ತೀರಾ?

ನಮಗೆ ಹಿಂದಿ ಹುಡುಗನ ಮೇಲೆ ಹಗೆಯಿಲ್ಲ. ಅವನೂ ರೈತನ ಮಗನೇ. ಅವನಿಗೆ ಸಿಕ್ಕಿರುವುದನ್ನು ಕಿತ್ತುಕೊಳ್ಳಿ ಎಂದೂ ನಾವು ಹೇಳುವುದಿಲ್ಲ. ಅವನಿಗೆ ಸಿಕ್ಕ ನ್ಯಾಯ ನಮ್ಮವನಿಗೂ ಸಿಗಲಿ ಎನ್ನುತ್ತೇವೆ. ಇದು ಭಿಕ್ಷೆಯಲ್ಲ, ಹಕ್ಕು!

'ಆಕಾಶದಲ್ಲಿ ಇಂಗ್ಲಿಷೇ ಬೇಕು' ಎನ್ನುವ ಪಂಡಿತರಿಗೆ

ಕೆಲವರು ತಕ್ಷಣ ಹೇಳುತ್ತಾರೆ: "ಅಯ್ಯಾ, ವಿಮಾನದ ರೇಡಿಯೊ ಭಾಷೆ ಇಂಗ್ಲಿಷ್. ಕನ್ನಡದಲ್ಲಿ ಪರೀಕ್ಷೆ ಬರೆದವನು ಆಕಾಶದಲ್ಲಿ ಏನು ಮಾಡುತ್ತಾನೆ?"

ಒಳ್ಳೆಯ ಪ್ರಶ್ನೆ. ಉತ್ತರ ಕೇಳಿ. ಪೈಲಟ್‌ಗೆ ಇಂಗ್ಲಿಷ್ ಬೇಕು, ನಾವೂ ಒಪ್ಪುತ್ತೇವೆ. ಅದಕ್ಕೇ 200 ಅಂಕದ ಇಂಗ್ಲಿಷ್ ಭಾಗ ಇದೆಯಲ್ಲ? ಅದು ಹಾಗೇ ಇರಲಿ. ನಮ್ಮ ಹುಡುಗರು ಬೆವರು ಸುರಿಸಿ ಕಲಿತು ಬರೆಯುತ್ತಾರೆ. ನಾವು ಕೇಳುತ್ತಿರುವುದು ಉಳಿದ 700 ಅಂಕದ ಮಾತು. ತ್ರಿಕೋನದ ಕೋನ ಅಳೆಯಲು ಇಂಗ್ಲಿಷ್ ಏಕೆ ಬೇಕು? ಬೇಕೇ ಬೇಕು ಎನ್ನುವುದಾದರೆ ಹಿಂದಿಯನ್ನೂ ತೆಗೆದುಹಾಕಿ, ಎಲ್ಲರೂ ಇಂಗ್ಲಿಷ್‌ನಲ್ಲೇ ಬರೆಯಲಿ. ಹಿಂದಿಯಲ್ಲಿ ಗಣಿತ ಓದಿ ಬರೆದವನು ಅಕಾಡೆಮಿಯಲ್ಲಿ ಇಂಗ್ಲಿಷ್ ಕಲಿತು ಜೆಟ್ ಹಾರಿಸಬಲ್ಲನಾದರೆ, ಕನ್ನಡದಲ್ಲಿ ಓದಿ ಬರೆದವನು ಏಕೆ ಹಾರಿಸಲಾರ? ಹಿಂದಿಗೆ ರೆಕ್ಕೆಯಿದೆ, ಕನ್ನಡಕ್ಕಿಲ್ಲ ಎಂದು ಯಾವ ವಿಜ್ಞಾನಿ ಹೇಳಿದ್ದಾನೆ?

ಇನ್ನು ಕೆಲವರು, ಇಷ್ಟೊಂದು ಭಾಷೆಗಳಲ್ಲಿ ಪ್ರಶ್ನೆಪತ್ರಿಕೆ ಮಾಡುವುದು ಆಗದ ಮಾತು ಎನ್ನುತ್ತಾರೆ. ಆಗದ ಮಾತೇ? ವೈದ್ಯಕೀಯ ಸೀಟಿನ ನೀಟ್ ಪರೀಕ್ಷೆಗೆ ಮೊದಲು ಪ್ರಕಟಿಸಿದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕರ್ನಾಟಕ ಕೇಳಿತು. 2017ರ ಪರೀಕ್ಷೆಗೆ ಕನ್ನಡ ಸೇರಿತು. 2021ರಿಂದ ಎಂಜಿನಿಯರಿಂಗ್‌ನ ಜೆಇಇ ಮೇನ್ ಪರೀಕ್ಷೆ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯುತ್ತಿದೆ. ಆ ಗಣಿತ, ಭೌತಶಾಸ್ತ್ರ ಎನ್‌ಡಿಎಗಿಂತ ಸುಲಭವೇ? 2023ರಲ್ಲಿ ಸಿಆರ್‌ಪಿಎಫ್ ಪರೀಕ್ಷೆ ಹಿಂದಿ, ಇಂಗ್ಲಿಷ್‌ನಲ್ಲಿ ಮಾತ್ರ ಎಂದಾಗ ತಮಿಳುನಾಡಿನ ಮುಖ್ಯಮಂತ್ರಿ ಪತ್ರ ಬರೆದರು, ಕನ್ನಡಿಗರೂ ದನಿಯೆತ್ತಿದರು. ಕೆಲವೇ ದಿನಗಳಲ್ಲಿ ಕೇಂದ್ರ ಮಣಿಯಿತು. 2024ರಲ್ಲಿ ಕೇಂದ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ಕನ್ನಡದಲ್ಲೂ ನಡೆಯಿತು. 2025ರಲ್ಲಿ ಸೇನೆಯ ಅಗ್ನಿವೀರ್ ಪರೀಕ್ಷೆಗೂ ಕನ್ನಡ ಬಂತು.

ಈಗ ಇದರ ಒಳಗುಟ್ಟು ನೋಡಿ ಬಂಧುಗಳೇ. ಕಾನ್‌ಸ್ಟೆಬಲ್ ಆಗಲು ಕನ್ನಡ ನಡೆಯುತ್ತದೆ. ಬಂದೂಕು ಹೊತ್ತು ನಿಲ್ಲಲು ಕನ್ನಡ ನಡೆಯುತ್ತದೆ. ಅಧಿಕಾರಿಯಾಗಲು, ವಿಮಾನ ಹಾರಿಸಲು ಮಾತ್ರ ನಡೆಯುವುದಿಲ್ಲ! ಹೊರುವುದಕ್ಕೆ ನಮ್ಮ ಹೆಗಲು ಬೇಕು, ಆಳುವುದಕ್ಕೆ ನಮ್ಮ ನಾಲಗೆ ಬೇಡ. ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಇನ್ನೂ ಒಂದು ವಿಚಿತ್ರ. ಪಿರಿಯಾಪಟ್ಟಣದಿಂದ ಕೂಗಳತೆಯಲ್ಲಿ, ಕೊಡಗಿನ ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆ ಇದೆ. ಇಂಥ ಶಾಲೆಗಳ ಗುರಿಯೇ ಮಕ್ಕಳನ್ನು ಎನ್‌ಡಿಎಗೆ ತಯಾರು ಮಾಡುವುದು. ಅಲ್ಲಿಯ ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಮಗು ಕನ್ನಡದಲ್ಲೇ ಬರೆಯಬಹುದು. ಹತ್ತು ವರ್ಷದ ಮಗುವಿಗೆ ಒಪ್ಪಿದ ಕನ್ನಡವನ್ನು ಹದಿನೇಳರ ಹುಡುಗನಿಗೆ ನಿರಾಕರಿಸುವುದು ಯಾವ ಸೀಮೆಯ ನ್ಯಾಯ?

ಸಂಸತ್ತು ಒಪ್ಪಿದ ಭಾಷಾ ನಿರ್ಣಯ 1968ರ ಜನವರಿಯಲ್ಲೇ ಪ್ರಕಟವಾಗಿತ್ತು. ಅಖಿಲ ಭಾರತ ಮತ್ತು ಕೇಂದ್ರದ ಉನ್ನತ ಸೇವೆಗಳ ಪರೀಕ್ಷೆಗಳಿಗೆ ಸಂವಿಧಾನದ ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳನ್ನೂ ಮಾಧ್ಯಮವಾಗಿ ಒಪ್ಪಬೇಕು, ವಿಧಾನ ಮತ್ತು ಕಾಲವನ್ನು ಯುಪಿಎಸ್‌ಸಿಯ ಅಭಿಪ್ರಾಯ ಪಡೆದು ಗೊತ್ತುಮಾಡಬೇಕು ಎಂಬುದು ಅದರ ಸಾರ. ಐಎಎಸ್ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಜಿಲ್ಲೆ ಆಳಲು ಕನ್ನಡ ಆಗುತ್ತದಂತೆ, ಎನ್‌ಡಿಎಗೆ ಆಗುವುದಿಲ್ಲವಂತೆ. ಅರ್ಧ ಶತಮಾನ ಕಳೆದರೂ ಆ 'ಕಾಲ' ಇನ್ನೂ ಕೂಡಿ ಬಂದಿಲ್ಲವೇ?

ನಮ್ಮ ತಪ್ಪನ್ನೂ ಹೇಳಿಬಿಡೋಣ

ದೆಹಲಿಯನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಮನೆಯ ಕಸವನ್ನೂ ಗುಡಿಸಬೇಕಲ್ಲ? ಪಿಯುಸಿ ವಿಜ್ಞಾನವೆಂದರೆ ಇಂಗ್ಲಿಷ್ ಎಂದು ನಾವೇ ಒಪ್ಪಿಕೊಂಡು ಕೂತಿದ್ದೇವೆ. ಲಕ್ಷಗಟ್ಟಲೆ ಖರ್ಚು ಮಾಡಿ ಗಣೇಶನ ಆರ್ಕೆಸ್ಟ್ರಾ ಮಾಡಿಸುವ ನಮ್ಮ ಸಂಘಗಳು ಎನ್‌ಡಿಎ ಪರೀಕ್ಷೆಗೆ ಒಂದು ಕನ್ನಡ ಕೈಪಿಡಿ ಅಚ್ಚು ಹಾಕಿಸಿವೆಯೇ? ನಾಲ್ಕು ತಾಲ್ಲೂಕಿನ ಶಾಸಕರಲ್ಲಿ ಯಾರಾದರೂ ಒಂದು ದಿನ ಹತ್ತು ಹುಡುಗರನ್ನು ಕರೆದುಕೊಂಡು ಹೋಗಿ, 'ನೋಡ್ರಪ್ಪ, ಇಲ್ಲೇ ಪೈಲಟ್‌ಗಳನ್ನು ಆರಿಸೋದು' ಎಂದು ಮೈಸೂರಿನ ಆ ಗೇಟನ್ನಾದರೂ ತೋರಿಸಿದ್ದಾರೆಯೇ? ಹಿತ್ತಲ ಗಿಡ ಮದ್ದಲ್ಲ!

ಆದ್ದರಿಂದ ತಂದೆತಾಯಿಗಳೇ, ಈ ನಾಲ್ಕು ಮಾತು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಎನ್‌ಡಿಎ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಲೇಬೇಕು. ಹಾರಾಟ ವಿಭಾಗಕ್ಕೆ ಕನಿಷ್ಠ 162.5 ಸೆಂಟಿಮೀಟರ್ ಎತ್ತರ ಬೇಕು, ಕಣ್ಣು ಚುರುಕಾಗಿರಬೇಕು. ಪೈಲಟ್ ಕೌಶಲ ಅಳೆಯುವ ಕಂಪ್ಯೂಟರ್ ಪರೀಕ್ಷೆಯಲ್ಲಿ ಒಮ್ಮೆ ಸೋತರೆ ಮತ್ತೆ ಅವಕಾಶವಿಲ್ಲ, ತಯಾರಾಗಿಯೇ ಹೋಗಿ. ಆಯ್ಕೆಯಾದರೆ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಆಮೇಲೆ ಹೈದರಾಬಾದ್ ಬಳಿಯ ದುಂಡಿಗಲ್‌ನಲ್ಲಿ ಹಾರಾಟ. ತರಬೇತಿಯ ಖರ್ಚು, ಊಟ, ವಸತಿ ಸರ್ಕಾರದ್ದು. ಹೊಗೆಸೊಪ್ಪಿನ ಸಾಲದ ಮೇಲೆ ಇನ್ನೊಂದು ಸಾಲ ಮಾಡಬೇಕಾಗಿಲ್ಲ.

ಹೆಣ್ಣುಮಕ್ಕಳಿಗೂ ಹೇಳಿ. 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಅವರಿಗೂ ಎನ್‌ಡಿಎ ಬಾಗಿಲು ತೆರೆಯಿತು. ಅದಕ್ಕೂ ಮುನ್ನ, 2018ರಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭೋಗ್ ಬೇರೆ ದಾರಿಯಿಂದ ಹೋಗಿ ದುಂಡಿಗಲ್‌ನಿಂದ ಯುದ್ಧವಿಮಾನದ ಪೈಲಟ್ ಆಗಿ ಹೊರಬಂದರು. ಮಲೆನಾಡಿನ ಹುಡುಗಿಗೆ ಸಾಧ್ಯವಾದದ್ದು ನಮ್ಮ ಸರಗೂರಿನ, ಸಾಲಿಗ್ರಾಮದ ಹುಡುಗಿಗೆ ಏಕೆ ಅಸಾಧ್ಯ?

ನಮ್ಮ ಬೇಡಿಕೆ

ಹುಣಸೂರು, ಪಿರಿಯಾಪಟ್ಟಣ ಮೈಸೂರು-ಕೊಡಗು ಕ್ಷೇತ್ರದಲ್ಲಿವೆ. ಕೆ.ಆರ್. ನಗರ ಮಂಡ್ಯ ಕ್ಷೇತ್ರದಲ್ಲಿದೆ. ಎಚ್.ಡಿ. ಕೋಟೆ ಚಾಮರಾಜನಗರ ಕ್ಷೇತ್ರದಲ್ಲಿದೆ. ನಾಲ್ಕು ತಾಲ್ಲೂಕಿಗೆ ಮೂವರು ಸಂಸದರು! ಪಕ್ಷ ಯಾವುದಾದರೂ ಇರಲಿ, ತಮ್ಮ ಮೂವರನ್ನೂ ಈ ಪತ್ರಿಕೆ ಕೇಳುತ್ತದೆ:

ಒಂದು: ಎನ್‌ಡಿಎ ಪರೀಕ್ಷೆಯ ಗಣಿತ ಮತ್ತು ಸಾಮಾನ್ಯ ಜ್ಞಾನದ ಪ್ರಶ್ನೆಗಳು ಕನ್ನಡದಲ್ಲೂ ಬರಬೇಕು. ಲೋಕಸಭೆಯಲ್ಲಿ ಈ ಪ್ರಶ್ನೆ ಎತ್ತಿ.

ಎರಡು: ಕನ್ನಡ ಬರುವವರೆಗೆ ರಾಜ್ಯ ಸರ್ಕಾರ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಉಚಿತ ಎನ್‌ಡಿಎ ತರಗತಿ ತೆರೆಯಬೇಕು. ಪಾಠ ಕನ್ನಡದಲ್ಲಿ ನಡೆಯಲಿ, ಇಂಗ್ಲಿಷ್ ಅಭ್ಯಾಸವೂ ಜೊತೆಗಿರಲಿ. ಹಾಡಿಗಳ ಮಕ್ಕಳಿಗೂ ಅಲ್ಲಿ ಜಾಗವಿರಲಿ.

ಮೂರು: ಸೆಪ್ಟೆಂಬರ್ 7ನ್ನು ಈ ತಾಲ್ಲೂಕುಗಳ ಪ್ರತಿಯೊಂದು ಪ್ರೌಢಶಾಲೆಯಲ್ಲಿ ದೇವಯ್ಯನವರ ದಿನವೆಂದು ಆಚರಿಸಬೇಕು. ಅವರ ಕತೆಯನ್ನು ಕನ್ನಡದಲ್ಲಿ ಮಕ್ಕಳಿಗೆ ಹೇಳಬೇಕು.

ಉತ್ತರ ಬರದಿದ್ದರೆ ನಾವೇ ಬರುತ್ತೇವೆ. ಮೂರೂ ಕಚೇರಿಗಳ ಮುಂದೆ, ಕನ್ನಡ ಬಾವುಟ ಹಿಡಿದು, ಪಿಯುಸಿ ಮಕ್ಕಳನ್ನು ಕರೆದುಕೊಂಡು ಬರುತ್ತೇವೆ.

ಕನ್ನಡ ಬಂಧುಗಳೇ, ನೀಟ್‌ನಲ್ಲಿ ಕೇಳಿದೆವು, ಸಿಕ್ಕಿತು. ಸಿಆರ್‌ಪಿಎಫ್‌ನಲ್ಲಿ ಕೇಳಿದೆವು, ಸಿಕ್ಕಿತು. ದೇವಯ್ಯನವರ ವಿಷಯದಲ್ಲಿ ಕೇಳುವವರಿರಲಿಲ್ಲ, 23 ವರ್ಷ ಹೋಯಿತು. ಅಳದ ಮಗುವಿಗೆ ಅವ್ವನೂ ಹಾಲು ಕೊಡಳು. ದೆಹಲಿಯಂತೂ ಅವ್ವನಲ್ಲ!

ಅವತ್ತು ದೇವಯ್ಯ ಹನ್ನೆರಡರ ಪಟ್ಟಿಯಲ್ಲಿರಲಿಲ್ಲ. ಕಾದಿರಿಸಿದವರ ಸಾಲಿನಲ್ಲಿದ್ದರು. ಪಟ್ಟಿಯಲ್ಲಿ ಹೆಸರಿಲ್ಲವೆಂದು ಅವರು ಕೂರಲಿಲ್ಲ, ಹಾರಿದರು. ಇವತ್ತು ನಮ್ಮ ಮಕ್ಕಳ ಭಾಷೆಯೂ ಪಟ್ಟಿಯಲ್ಲಿಲ್ಲ. ನಾವು ಕೂರಬೇಕೋ, ಏಳಬೇಕೋ?

ಎದ್ದೇಳಿ! ಕೇಳಿ! ಪಡೆಯಿರಿ!

ಜೈ ಕರ್ನಾಟಕ!